ಚಿನ್ನದ ವಾಕ್‌ಮನ್ ಮತ್ತು ಬಡಪಾಯಿ ಕಿವಿ

ಅಂಗೈಯಗಲದ ದುಬಾರಿ ಸಂಗೀತಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಬೆಲೆ ಕಟ್ಟುವ ವಿಮರ್ಶಕರ ಬರಹ ಓದಿದರೆ ನಮ್ಮ ಕಾವ್ಯವಿಮರ್ಶಕರೂ ತಲೆತಗ್ಗಿಸಬೇಕು. ಒಂದರ ನಾದ ಬೆಚ್ಚಗಿದೆಯಂತೆ, ಇನ್ನೊಂದರದು ರೇಷ್ಮೆಯಂತೆ, ಮತ್ತೊಂದರಲ್ಲಿ ವಾದ್ಯಗಳ ನಡುವೆ ಗಾಳಿಯಾಡುತ್ತದಂತೆ. ಇರಲಿ. ನಾನು ಕೇಳುವುದು ಎರಡೇ ಮಾತು: ಸ್ವಾಮೀ, ಎರಡು ಯಂತ್ರಗಳ ವಾಲ್ಯೂಮನ್ನೂ ಅಳೆದು ಸಮ ಮಾಡಿಕೊಂಡಿದ್ದಿರಾ? ಹಾಡುತ್ತಿರುವುದು ಯಾವುದೆಂದು ಕಣ್ಣಿಗೆ ಕಾಣದಂತೆ ಕುಳಿತು ಕೇಳಿದಿರಾ?

ಇದು ಕುಹಕವಲ್ಲ. ತುಸುವೇ ಏರಿದ ಧ್ವನಿ ನಮಗೆ ಜೋರೆನಿಸುವುದಿಲ್ಲ, ಚೆನ್ನೆನಿಸುತ್ತದೆ. ಕಿವಿಯ ಈ ದೌರ್ಬಲ್ಯ ಬಲ್ಲವರು ವೋಲ್ಟ್‌ಮೀಟರ್ ಹಿಡಿದು 0.1 ಡೆಸಿಬಲ್‌ನ ಒಳಗೆ ಸಮ ಮಾಡುತ್ತಾರೆ. ಕೈಯಂದಾಜಿನಲ್ಲಿ ಗುಂಡಿ ತಿರುಗಿಸಿ ತೀರ್ಪು ಕೊಡುವವರಿಗೆ ಅಷ್ಟು ಪುರುಸೊತ್ತೆಲ್ಲಿ?

ಕಣ್ಣಿನ ಕತೆಯೂ ಹಾಗೆಯೇ. ಸೋನಿ ಕಂಪೆನಿ 2016ರಲ್ಲಿ ತಂದ ಡಬ್ಲ್ಯುಎಂ1ಝಡ್ ಎಂಬ ವಾಕ್‌ಮನ್ನಿಗೆ ಶುದ್ಧ ತಾಮ್ರದ ಕವಚ, ಅದರ ಮೇಲೆ ಚಿನ್ನದ ಲೇಪ. ತೂಕ 455 ಗ್ರಾಂ, ಆಗಿನ ಬೆಲೆ ಸುಮಾರು 3,200 ಡಾಲರ್. ಇಷ್ಟು ಕೊಟ್ಟು ಮನೆಗೆ ತಂದವನ ಕಿವಿ ತಟಸ್ಥ ಸಾಕ್ಷಿಯಾದೀತೇ?

ಈ ಯಂತ್ರಗಳ ದೊಡ್ಡ ಬಂಡವಾಳವೆಂದರೆ, ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್‌ಗಿಂತ ಮೇಲಿನ ಮಟ್ಟದ ಧ್ವನಿ. ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಉನ್ನತ ಮಟ್ಟದ ಡಿಸ್ಕನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿದಾಗ 554 ಸಲದಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಎದುರು ಪಕ್ಷದ ವಾದವನ್ನೂ ಹೇಳಿಬಿಡುತ್ತೇನೆ: ಲಂಡನ್ನಿನ ಜೋಶುವಾ ರೀಸ್ 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ, ವ್ಯತ್ಯಾಸ ತಿಳಿಯುತ್ತದೆ, ತರಬೇತಾದ ಕಿವಿಗೆ ಇನ್ನಷ್ಟು ತಿಳಿಯುತ್ತದೆ ಎಂದರು. ಒಟ್ಟು ಸರಿಯುತ್ತರ ಶೇಕಡಾ 52.3. ಆ ಎರಡು ಚಿಲ್ಲರೆ ಅಂಶಕ್ಕೆ ರೇಷ್ಮೆ, ಗಾಳಿ, ಬೆಳದಿಂಗಳು!

ಹಾಗೆಂದು ಎಲ್ಲ ಯಂತ್ರಗಳೂ ಒಂದೇ ಎಂದು ನಾನು ಹೇಳಲಾರೆ. ಕೊರಿಯಾದ ಐರಿವರ್ 2012ರಲ್ಲಿ ತಂದ ಆಸ್ಟೆಲ್ ಅಂಡ್ ಕರ್ನ್ ಎಕೆ100ರ ಇಯರ್‌ಫೋನ್ ಕಿಂಡಿಯ ಒಳರೋಧ 22 ಓಮ್ ಇತ್ತು. ಒಳಗೆ ಹಲವು ಪುಟ್ಟ ಸ್ಪೀಕರುಗಳಿರುವ ಇಯರ್‌ಫೋನಿನ ರೋಧವಾದರೋ ಮಂದ್ರಕ್ಕೊಂದು, ತಾರಕ್ಕೊಂದು. ಇವೆರಡನ್ನು ಜೋಡಿಸಿದರೆ ಸ್ವರಗಳ ತೂಕವೇ ಏರುಪೇರಾಗುತ್ತದೆ. ಕಂಪೆನಿಯೇ ಮುಂದಿನ ಆವೃತ್ತಿಯಲ್ಲಿ ಅದನ್ನು 3 ಓಮ್‌ಗೆ ಇಳಿಸಿತು. ಅಳೆಯಬಹುದಾದ, ಕೇಳಿಸಿಕೊಳ್ಳಬಹುದಾದ ವ್ಯತ್ಯಾಸವೆಂದರೆ ಇಂಥದ್ದು. ಈ ಒಂದು ಅಂಕಿಯನ್ನು ಬರೆಯಲು ವಿಶೇಷಣಗಳೇನೂ ಬೇಕಾಗುವುದಿಲ್ಲ. ಬಹುಶಃ ಅದಕ್ಕೇ ಅದನ್ನು ಬರೆಯುವವರು ಕಡಿಮೆ.

ನನ್ನಲ್ಲೊಂದು ಹಳೆಯ ತಾಳಮದ್ದಳೆಯ ಕ್ಯಾಸೆಟ್ಟಿದೆ. ಮಗ ಅದನ್ನು 24 ಬಿಟ್‌ಗೆ ಏರಿಸಿ, ಗೆಳೆಯನ ದುಬಾರಿ ಯಂತ್ರವೊಂದರಲ್ಲಿ ತುಂಬಿ ಕೇಳಿಸಿದ. ಟೇಪಿನ ಸುಂಯ್ ಸದ್ದು ಹಿಂದೆಂದಿಗಿಂತ ಸ್ಪಷ್ಟವಾಗಿತ್ತು. ಮದ್ದಳೆ ಮಾತ್ರ ಅಂದು ಮೈಕಿನಿಂದ ಎಷ್ಟು ದೂರ ಕುಳಿತಿತ್ತೋ ಇಂದಿಗೂ ಅಷ್ಟೇ ದೂರದಲ್ಲಿದೆ.