ಗಾಡಿಯ ಹೊಟ್ಟೆಯೊಳಗಿನ ಗುಳುಗುಳು

ಪುಣೆಯಿಂದ ಧಾರವಾಡಕ್ಕೆ 400 ಕಿಲೋಮೀಟರಿಗೂ ಹೆಚ್ಚು. ನಮಗೆ ಅದು ಒಂದು ಹಗಲಿನ ದಾರಿ, ನಮ್ಮ ಅವ್ವನಿಗೆ ಮಾತ್ರ ನಿರ್ಜಲ ಏಕಾದಶಿ. ಹೆದ್ದಾರಿಯ ಶೌಚಾಲಯದಲ್ಲಿ ಕೂರಲು ಮಂಡಿ ಬಿಡುವುದಿಲ್ಲ, ಹಾಗಾಗಿ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾಳೆ. ಹೋದ ವರ್ಷ ಊರು ಮುಟ್ಟಿದ ಮೇಲೆ ತಲೆಸುತ್ತಿ ಬಿದ್ದಳು. ಅದಾದ ಮೇಲೆಯೇ ನಾನೂ ಹೆಂಡತಿಯ ತಮ್ಮನೂ ಸೇರಿ ಒಂದು ಹಳೆಯ ವ್ಯಾನು ಕೊಂಡು ಮೋಟರ್‌ಹೋಮ್ ಮಾಡಿಸಿದ್ದು. ಮಂಚ, ಸಿಂಕು, ಕೂತು ಸ್ನಾನ ಮಾಡುವಷ್ಟು ಬಚ್ಚಲು, ಡಬ್ಬಿ ಹೊರಗೆಳೆದು ಖಾಲಿ ಮಾಡುವ ಕಮೋಡು. ಸಿಂಕು, ಬಚ್ಚಲಿನ ನೀರಿಗೆ ಗಾಡಿಯ ಅಡಿಯಲ್ಲಿ 60 ಲೀಟರಿನ ಟ್ಯಾಂಕು.

ಮೊದಲ ಪ್ರಯಾಣದಲ್ಲಿ ಸಾತಾರಾ ದಾಟಿ ನಿಲ್ಲಿಸಿದಾಗ ಬಚ್ಚಲಿನಿಂದ ಅವ್ವನ ದನಿ: "ಏನಪಾ ಇದು, ಕಾಲ ಮುಳಗಾಕ ಹತ್ತ್ಯಾವ!" ನೀರು ಇಳಿಯುತ್ತಿಲ್ಲ. ಕೆಳಗಿನಿಂದ ಹುಕ್ಕಾ ಸೇದಿದಂತೆ ಗುಳುಗುಳು, ಜೊತೆಗೆ ಗಟಾರದ ವಾಸನೆ. ಮರಳಿ ಬಂದ ವಾರ ಸೊಸಾಯಿಟಿಯ ಸೆಕ್ರೆಟರಿ ಬಾಗಿಲು ಬಡಿದರು: "ಕಾಕಾ, ತುಮಚ್ಯಾ ಗಾಡೀತೂನ ಪಾಣೀ ಗಳತಯ." ಪಾರ್ಕಿಂಗಿನಲ್ಲಿ ಜಿಡ್ಡು ನೀರಿನ ಕಲೆ, ಅದರ ಸುತ್ತ ನೊಣ. ಇನ್ನೊಮ್ಮೆ ಹೀಗಾದರೆ ಗಾಡಿ ಹೊರಗೆ ಎಂದು ಹೇಳಿ ಹೋದರು. ಪುಣೆಯಲ್ಲಿ ಇಷ್ಟು ದೊಡ್ಡ ಗಾಡಿಗೆ ಬೇರೆ ಜಾಗ ಎಲ್ಲಿ ಹುಡುಕಲಿ?

ಮೊದಲು ನೀರು ಇಳಿಯದ ಕಥೆ. ಕಸ ಕಟ್ಟಿದೆ ಎಂದುಕೊಂಡು ಸ್ಪ್ರಿಂಗ್ ತಂತಿ ಹಾಕಿ ತಿರುವಿದೆ. ಒಂದಿಷ್ಟು ಕೂದಲು ಬಂತು, ಅಷ್ಟೇ. ಆಮೇಲೆ ಬಕೆಟಿನಲ್ಲಿ ಅಳೆದು ಸುರಿಯತೊಡಗಿದೆ. ಖಾಲಿ ಟ್ಯಾಂಕಿಗೆ ಮೊದಲ ಬಕೆಟು ಸರಾಗವಾಗಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದಕ್ಕೆ ಗುಳುಗುಳು ಶುರು. ಕೊಳವೆ ಕಟ್ಟಿದ್ದರೆ ಮೊದಲ ಬಕೆಟಿಗೇ ತಕರಾರು ಬರಬೇಕಿತ್ತಲ್ಲ?

ಇಲ್ಲಿ ನೀರಿಗಿಂತ ಗಾಳಿಯ ಲೆಕ್ಕ ಮುಖ್ಯ. ಟ್ಯಾಂಕಿಗೆ ಒಂದು ಲೀಟರು ನೀರು ಇಳಿಯಬೇಕಾದರೆ ಒಂದು ಲೀಟರು ಗಾಳಿ ಹೊರಹೋಗಬೇಕು. ಅದಕ್ಕೆಂದೇ ಟ್ಯಾಂಕಿನ ನೆತ್ತಿಯಿಂದ ಗಾಡಿಯ ಛಾವಣಿಗೆ ಒಂದು ಗಾಳಿಕೊಳವೆ ಇರುತ್ತದೆ. ಅದು ಮುಚ್ಚಿದರೆ ಗಾಳಿ ನೀರು ಬರುವ ದಾರಿಯಲ್ಲೇ ಎದುರು ನುಗ್ಗುತ್ತದೆ. ಗುಳುಗುಳು ಸದ್ದು ಅದರದ್ದು. ಹಾಗೆ ನುಗ್ಗುವಾಗ ನಹಾನಿ ಟ್ರ್ಯಾಪಿನಲ್ಲಿ ನಿಂತ ನೀರನ್ನು ತಳ್ಳಿಕೊಂಡು ಬರುವುದರಿಂದ ವಾಸನೆಯೂ ಒಳಗೆ. ಖಾತ್ರಿ ಮಾಡಿಕೊಳ್ಳಲು ಸಿಂಕಿನ ಪೈಪನ್ನು ಟ್ರ್ಯಾಪಿನ ಕೆಳಗೆ ಬಿಚ್ಚಿಟ್ಟು ಬಚ್ಚಲಿಗೆ ನೀರು ಸುರಿದೆ. ಗಾಳಿಗೆ ದಾರಿ ಸಿಕ್ಕಿದ್ದೇ ತಡ, ನೀರು ಸರ್ರನೆ ಇಳಿಯಿತು.

ಛಾವಣಿ ಹತ್ತಿ ನೋಡಿದೆ. ಎಷ್ಟೋ ಗಾಡಿಗಳಲ್ಲಿ ಆ ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ನಮ್ಮದು ಸ್ವಚ್ಛವಾಗಿತ್ತು. ತಪ್ಪಿದ್ದದ್ದು ಕೆಳತುದಿಯಲ್ಲಿ. ಜೋಡಿಸಿದವನು ಕೊಳವೆಯನ್ನು ಟ್ಯಾಂಕಿನೊಳಗೆ ಗೇಣುದ್ದ ಇಳಿಸಿದ್ದ. ನೀರು ಏರಿ ಅದರ ಬಾಯಿ ಮುಳುಗಿದ ಕೂಡಲೇ ಗಾಳಿಯ ದಾರಿ ಬಂದ್. ಹೊರಗೆಳೆದು, ನೆತ್ತಿಯಿಂದ ಒಂದು ಇಂಚು ಮಾತ್ರ ಒಳಗಿರುವಂತೆ ಕತ್ತರಿಸಿ ಕೂರಿಸಿದೆ. ಖರ್ಚು, ಒಂದು ಹ್ಯಾಕ್ಸಾ ಬ್ಲೇಡು.

ಅಡಿಯಲ್ಲಿ ಮಲಗಿದ್ದಾಗಲೇ ಇನ್ನೊಂದು ಕಂಡಿತು. ಬಚ್ಚಲಿನಿಂದ ಬರುವ ಸುರುಳಿ ಹೋಸು ನಡುವೆ ಜೋಲು ಬಿದ್ದು ಜೋಕಾಲಿಯಾಗಿತ್ತು. ಅಂಥ ಕಡೆ ನೀರು ನಿಂತು, ಜಿಡ್ಡು ಕೂದಲು ಹಿಡಿದು, ಆರು ತಿಂಗಳಲ್ಲಿ ನಿಜವಾಗಿಯೇ ಕಟ್ಟುತ್ತದೆ. ಅದನ್ನು ಕಿತ್ತು ಗಟ್ಟಿ ಪೈಪು ಹಾಕಿಸಿದೆ, ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಜಾರು ಕೊಟ್ಟು. ಜಿಡ್ಡಿಗೆ ಅಂಗಡಿಯ ಕಾಸ್ಟಿಕ್, ಆಸಿಡ್ ಸುರಿಯಬೇಡಿ, ರಬ್ಬರಿನ ಸೀಲುಗಳು ಹಾಳಾಗುತ್ತವೆ. ಕುದಿಯುವ ನೀರೂ ಬೇಡ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅರ್ಧ ಟ್ಯಾಂಕು ಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಕಲಸಿ ಇಪ್ಪತ್ತು ಕಿಲೋಮೀಟರು ಓಡಿಸಿ, ನಮ್ಮ ರಸ್ತೆಯ ಗುಂಡಿಗಳೇ ತೊಳೆದುಕೊಡುತ್ತವೆ.

ಸೋರಿಕೆ ಮಾತ್ರ ನನ್ನ ಮಾನ ಕಳೆಯಿತು. ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಹನಿ ಬೀಳುತ್ತಿತ್ತು. ಅಲ್ಲೇ ಬಿರುಕೆಂದು ಎಪಾಕ್ಸಿ ಮುದ್ದೆ ಮೆತ್ತಿದೆ. ನಾಲ್ಕು ದಿನಕ್ಕೆ ಒಣಗಿದ ಚಪಾತಿಯಂತೆ ಉದುರಿತು. ಪಾಲಿಥಿಲೀನ್ ಟ್ಯಾಂಕಿಗೆ ಎಪಾಕ್ಸಿ ಹಿಡಿಯುವುದೇ ಇಲ್ಲ. ನಿಜವಾಗಿ ಬಿರುಕಿದ್ದರೆ ಮನೆ ಮಾಳಿಗೆಯ ಕರಿ ಟ್ಯಾಂಕುಗಳಿಗೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರನ್ನು ಕರೆಯಬೇಕು. ಆದರೆ ಬಿರುಕು ಇರಲೇ ಇಲ್ಲ. ಹನಿ ಬೀಳುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ. ನೀರು ಟ್ಯಾಂಕಿನ ತಳ ಹಿಡಿದು ಹರಿದು, ಎಲ್ಲಿ ತಗ್ಗೋ ಅಲ್ಲಿ ಬೀಳುತ್ತದೆ.

ಆಗ ಹೆಂಡತಿ ಕೇಸರಿಬಾತಿಗೆ ಹಾಕುವ ಬಣ್ಣ ತಂದು ಕೊಟ್ಟಳು. ಅದನ್ನು ಸಿಂಕಿನಲ್ಲಿ ಸುರಿದೆವು. ಬಿದ್ದ ಹನಿ ಕೇಸರಿಯಾಗಿದ್ದರೆ ಕೊಳೆನೀರಿನದು. ತಿಳಿಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕಿನದೋ ಪಂಪಿನದೋ. ನಮ್ಮದು ಕೇಸರಿ. ತಳವನ್ನೆಲ್ಲ ಬಟ್ಟೆಯಿಂದ ಒರೆಸಿ, ಪ್ರತಿ ಜೋಡಣೆಗೂ ಟಿಶ್ಯೂ ಪೇಪರು ಸುತ್ತಿ ರಾತ್ರಿ ಬಿಟ್ಟೆವು. ಟ್ಯಾಂಕು ಕಾಲು ಭಾಗವಷ್ಟೇ ತುಂಬಿದ್ದೆವು. ತುಂಬಿದಾಗ ಮಾತ್ರ ಸೋರಿದರೆ ದೋಷ ಮೇಲಿನ ಜೋಡಣೆಯದು, ನೀರು ಬಿಡುವಾಗ ಮಾತ್ರ ಸೋರಿದರೆ ಪೈಪಿನದು. ಬೆಳಿಗ್ಗೆ ನೋಡಿದರೆ ಖಾಲಿ ಮಾಡುವ ವಾಲ್ವಿನ ಟಿಶ್ಯೂ ಒಂದೇ ಕೇಸರಿ.

ಈ ವಾಲ್ವಿನಲ್ಲಿ ಒಂದು ಅಲಗು ಎರಡು ರಬ್ಬರ್ ಸೀಲುಗಳ ನಡುವೆ ಜಾರುತ್ತದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ ನಾಲ್ಕು ಬೋಲ್ಟು ಬಿಚ್ಚಿದೆ. (ಖಾಲಿ ಮಾಡದೆ ಬಿಚ್ಚಿದವರ ಕಥೆ ಊಟದ ಹೊತ್ತಿನಲ್ಲಿ ಬೇಡ.) ಕೆಳಗಿನ ಗಾಡಿಯಲ್ಲಿ, ಅಂದರೆ ಅಲಗು ಕೂರುವ ತೋಡಿನಲ್ಲಿ, ಎರಡು ಅನ್ನದ ಅಗುಳು! ಅಲಗು ಪೂರ್ತಿ ಕೂರದೆ ಹನಿಯುತ್ತಿತ್ತು, ಸೀಲೂ ಒಂದು ಕಡೆ ಕಚ್ಚಿಕೊಂಡಿತ್ತು. ಹೊಸ ಸೀಲು ಹಾಕಿ ಸಿಲಿಕೋನ್ ಗ್ರೀಸ್ ಸವರಿದೆ. ಗ್ಯಾರೇಜಿನ ಸಾದಾ ಗ್ರೀಸ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿಬಿಡುತ್ತದೆ. ಸಿಂಕಿಗೆ ಈಗ ಚಹಾ ಸೋಸುವ ಜಾಲರಿ.

ಟ್ಯಾಂಕನ್ನು ಎಲ್ಲಿ ಖಾಲಿ ಮಾಡುವುದು ಎಂಬುದು ಇನ್ನೊಂದು ತಲೆನೋವು. ದಾರಿಯಲ್ಲಿ ಶಿರೋಲಿ ಬಳಿ ಪಂಚಗಂಗೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ. "ಯಾರ ನೋಡ್ತಾರ ಭಾವಾ, ಬಿಟ್ಟಬಿಡೋಣು" ಎಂದ ಹೆಂಡತಿಯ ತಮ್ಮ. ಅವ್ವ ಅವನನ್ನು ನೋಡಿದ ನೋಟಕ್ಕೆ ವಾಲ್ವಿನಿಂದ ಕೈ ತೆಗೆದ. ಹಾಗೇ ಹೊತ್ತುಕೊಂಡು ಹೋಗಿ ಧಾರವಾಡದ ಮನೆಯ ಹಿತ್ತಿಲ ಒಳಚರಂಡಿಗೆ ಬಿಟ್ಟೆವು.

ಆ ಸಲ ನಿಪ್ಪಾಣಿ ದಾಟಿದ ಮೇಲೆ ಅವ್ವ ತಾನಾಗಿಯೇ ಚೊಂಬು ಕೇಳಿ ನೀರು ಕುಡಿದಳು. ಬೆಳಗಾವಿಯಲ್ಲಿ ಇನ್ನೊಮ್ಮೆ ಕೇಳಿದಳು.