ಹರಿಯುವ ನೀರೂ ಊರಿನ ಲೆಕ್ಕವೂ



ಗೋಕಾಕದ ಬಳಿ ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲದಿಂದಲೇ 1887ರಲ್ಲಿ ಅಲ್ಲಿಯ ನೂಲಿನ ಗಿರಣಿ ನಡೆಯತೊಡಗಿತು. ಮುಂದೆ ವಿದ್ಯುತ್ತೂ ಅಲ್ಲಿ ಹುಟ್ಟಿತು. ಆದರೆ ಅದು ಕಂಪನಿಯ ಸ್ವತ್ತು. ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಜನರೇ ಸದಸ್ಯರಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ವಿದ್ಯುತ್ತನ್ನು ಕೊಂಡು ಮನೆ, ಹೊಲಗಳಿಗೆ ಹಂಚುವ ಆ ಸಂಘ ಇಂದಿಗೂ ನಡೆದಿದೆ. ಗೋಕಾಕದ ನೀರು, ಹುಕ್ಕೇರಿಯ ಒಗ್ಗಟ್ಟು ಒಂದೇ ಊರಿನಲ್ಲಿ ಕೂಡಿದರೆ ಹೇಗೆಂಬುದೇ ಈ ತಿಂಗಳ ನಮ್ಮ ವಿಚಾರ.

ಬಳಗಾನೂರಿನ ಸೀಮೆಯಲ್ಲಿ ಅಂತಹ ಜಲಪಾತವಿಲ್ಲ. ಆದರೆ ಸಿಂಧನೂರು ಭಾಗದ ನಮಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಮೂರು ಮೀಟರ್ ಕೆಳಗಿಳಿದರೆ, ಯಂತ್ರದ ನಷ್ಟ ಕಳೆದು ಸುಮಾರು 20 ಕಿಲೋವ್ಯಾಟ್ ಶಕ್ತಿ ದೊರೆಯುತ್ತದೆ. ಚಕ್ರ ತಿರುಗಿಸಿದ ನೀರು ಒಂದು ಹನಿಯೂ ಕಡಿಮೆಯಾಗದೆ ಮುಂದಿನ ಹೊಲಕ್ಕೆ ಹೋಗುತ್ತದೆ. ಕಾಲುವೆ ಸರ್ಕಾರದ್ದಾದ್ದರಿಂದ ಅದರ ಅನುಮತಿ ಬೇಕು. ನೀರು ಬಿಡದ ಬೇಸಿಗೆಯಲ್ಲಿ ಯಂತ್ರ ಸುಮ್ಮನೆ ನಿಲ್ಲುವುದೆಂಬುದನ್ನೂ ಮೊದಲೇ ಅರಿತಿರಬೇಕು.

ಯಂತ್ರ ಕೂಡಿಸುವುದಕ್ಕೆ ಹಾರ, ತುರಾಯಿ, ಭಾಷಣಗಳು ಸಿಗುತ್ತವೆ. ನಡೆಸುವುದಕ್ಕೆ ಯಾರು ಸಿಗುತ್ತಾರೆ? ನಡುರಾತ್ರಿ ಜಾಲರಿಗೆ ಸಿಕ್ಕ ಕಸ ತೆಗೆಯಬೇಕು, ಹೂಳು ಎತ್ತಬೇಕು, ಬೇರಿಂಗಿಗೆ ಗ್ರೀಸು ಹಾಕಬೇಕು. ಬಂದ ಹಣದಲ್ಲಿ ರಿಪೇರಿಯ ಪಾಲನ್ನು ಮೊದಲು ತೆಗೆದಿರಿಸಿ, ಉಳಿದುದನ್ನಷ್ಟೇ ಹಂಚಬೇಕು. ಈ ನಿಯಮ ಮರೆತ ಊರಿನಲ್ಲಿ ಒಂದು ಬೇರಿಂಗ್ ಕೆಟ್ಟರೂ ಕತ್ತಲೆಯೇ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ವಿದ್ಯುತ್ತಿನ ಆಸೆಗೆ ನೀರನ್ನು ತಡೆದು ನಿಲ್ಲಿಸಿದರೆ ಕಾಲುವೆಯ ಕೊನೆಯ ರೈತನ ಬೆಳೆ ಒಣಗುತ್ತದೆ. ನಮ್ಮ ಮನೆಯ ದೀಪಕ್ಕಾಗಿ ಅವನ ಒಲೆ ಆರಬಾರದು. ಆದ್ದರಿಂದ ನೀರು ಮೊದಲು ಹೊಲಕ್ಕೆ, ಅದು ಹರಿಯುವಾಗ ದೊರೆತಷ್ಟೇ ಬೆಳಕು ಊರಿಗೆ ಎಂಬ ಕರಾರನ್ನು ಮೊದಲ ಸಭೆಯಲ್ಲಿಯೇ ಬರೆದಿಡಬೇಕು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬರನ್ನೊಬ್ಬರು ನಂಬುವ ರೈತರೇ ಅಂಥ ಸಂಘದ ಮೂಲಧನ. ಆ ನಂಬಿಕೆ ಉಳಿಯಬೇಕಾದರೆ ಲೆಕ್ಕದ ಪುಸ್ತಕ ಎಲ್ಲರ ಕಣ್ಣೆದುರು ತೆರೆದಿರಬೇಕು.

ರಾತ್ರಿ ಜಾಲರಿಯ ಕಸ ತೆಗೆಯುವವನದು ಕಾಯಕ. ಕೊನೆಯ ಹೊಲಕ್ಕೆ ನೀರು ಮುಟ್ಟಿಸಿ, ಉಳಿದ ಫಲವನ್ನು ಹಂಚಿಕೊಳ್ಳುವುದು ದಾಸೋಹ. ಇವೆರಡಕ್ಕೂ ನಮ್ಮ ಊರು ಸಿದ್ಧವಿದೆಯೇ ಎಂದು ಮನೆಮಂದಿಯೆಲ್ಲ ಕುಳಿತು ಯೋಚಿಸಿರೆಂದು ನಮ್ಮ ಬಿನ್ನಹ.