ಕಳ್ಳಿನ ಕಾಂಪೌಂಡಿಗೆ ನಕ್ಷೆಯಲ್ಲಿ ಜಾಗವಿಲ್ಲವೇ?

ಹೈದರಾಬಾದಿಗೆ ಹೊಸದಾಗಿ ಬಂದ ಕನ್ನಡಿಗರು ‘ಕಲ್ಲು ಕಾಂಪೌಂಡ್’ ಎಂಬ ಮಾತು ಕೇಳಿದರೆ ಕಟ್ಟಡದ ಕಲ್ಲು ಮಾರುವ ಜಾಗವೆಂದು ಭಾವಿಸಿಯಾರು. ತೆಲುಗಿನ ಆ ‘ಕಲ್ಲು’ ನಮ್ಮ ಕಳ್ಳು. ಒಂದು ಕಾಲಕ್ಕೆ ಇದೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್‌ಗಳ ಕಡೆಯ ಸಿಂದಿ. ತಾಳೆ, ಈಚಲು ಮರಗಳಿಂದ ಇಳಿಸಿದ ಕಳ್ಳನ್ನು ಮಾರುವ, ಸುತ್ತ ಗೋಡೆಯುಳ್ಳ ಅಂಗಳವದು. ಕೂಲಿ ಮುಗಿಸಿದ ಗಂಡಸರೂ ಹೆಂಗಸರೂ ಅಲ್ಲಿ ಕೂರುತ್ತಾರೆ. ನಾಳೆಯ ಕೆಲಸ, ಮಗಳ ಮದುವೆ, ತೀರದ ಸಾಲ ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಬಡವರ ಪಡಸಾಲೆ ಎಂದರೆ ತಪ್ಪಾಗದು.

ಕೊಂಡಾಪುರ, ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೋಕಾಪೇಟ್ ಇವೆಲ್ಲ ಹಿಂದಿನ ತಲೆಮಾರಿಗೆ ಹಳ್ಳಿಗಳೇ. 2023ರ ಆಗಸ್ಟ್‌ನಲ್ಲಿ ಸರ್ಕಾರವೇ ನಡೆಸಿದ ಹರಾಜಿನಲ್ಲಿ ಕೋಕಾಪೇಟ್‌ನ ಒಂದು ಎಕರೆ ನೆಲದ ಬೆಲೆ 100 ಕೋಟಿ ರೂಪಾಯಿಗಳನ್ನು ದಾಟಿತು. ಇಂಥ ನೆಲದಲ್ಲಿ ಮರಕ್ಕೂ ಬೆಲೆಯಿಲ್ಲ, ಮರದ ಕೆಳಗಿನ ಕೂಟಕ್ಕೂ ಬೆಲೆಯಿಲ್ಲ. ಹಳ್ಳಿಯ ನೆಲದ ಮೇಲೆ ಗೋಪುರಗಳನ್ನು ಎಬ್ಬಿಸುವಾಗ ನಮ್ಮ ಯೋಜನಾ ಇಲಾಖೆಗಳು ವಾಹನ ನಿಲುಗಡೆಗೆ ಎಷ್ಟು, ಹಸಿರಿಗೆ ಎಷ್ಟು, ಅಗ್ನಿಶಾಮಕ ವಾಹನ ತಿರುಗಲು ಎಷ್ಟು ಎಂದು ಅಳೆದು ಜಾಗ ಬಿಡಿಸುತ್ತವೆ. 2020ರ ಟಿಎಸ್-ಬಿಪಾಸ್ ಕಾಯ್ದೆಯ ಪ್ರಕಾರ ದೊಡ್ಡ ಕಟ್ಟಡಗಳಿಗೂ 21 ದಿನಗಳೊಳಗೆ ಅನುಮತಿ ಸಿಗಬೇಕು. ವೇಗ ದೋಷವಲ್ಲ. ಆದರೆ ‘ಇಲ್ಲಿ ಇದುವರೆಗೆ ಯಾರು ಸೇರುತ್ತಿದ್ದರು, ಇನ್ನು ಮುಂದೆ ಅವರು ಎಲ್ಲಿ ಸೇರಬೇಕು?’ ಎಂದು ಆ 21 ದಿನಗಳಲ್ಲಿ ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕೇಳುವ ದೇಶಗಳುಂಟು. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಹಳೆಯ ಪಬ್ಬನ್ನು 2015ರಲ್ಲಿ ಅದರ ಮಾಲೀಕರು ಅನುಮತಿಯಿಲ್ಲದೆ ಕೆಡವಿದರು. ಅಲ್ಲಿ ವಸತಿ ಕಟ್ಟುವ ಅವರ ಯೋಜನೆಯನ್ನು ಅದಕ್ಕೆ ಮೊದಲೇ ನಿರಾಕರಿಸಲಾಗಿತ್ತು. ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ದಂಡ ಹಾಕಿ ಸುಮ್ಮನಾಗಲಿಲ್ಲ. ಮೊದಲಿದ್ದಂತೆಯೇ ಮತ್ತೆ ಕಟ್ಟಿ ಎಂದಿತು. 2021ರಲ್ಲಿ ಆ ಪಬ್ಬು ಮತ್ತೆ ಬಾಗಿಲು ತೆರೆಯಿತು. 2017ರಿಂದ ಇಂಗ್ಲೆಂಡಿನಲ್ಲಿ ಯಾವ ಪಬ್ಬನ್ನು ಕೆಡವಬೇಕಾದರೂ ಯೋಜನಾ ಅನುಮತಿ ಕಡ್ಡಾಯ. ಅಲ್ಲಿನ ಕಾನೂನು ಕಾಪಾಡಹೊರಟಿದ್ದು ಬಿಯರನ್ನಲ್ಲ, ಬಿಯರಿನ ನೆಪದಲ್ಲಿ ಕೂಡುವ ನೆರೆಹೊರೆಯನ್ನು. ಪಬ್ಬಿಗೆ ಸಲ್ಲುವ ಈ ನ್ಯಾಯ ಕಳ್ಳಿನ ಅಂಗಳಕ್ಕೇಕೆ ಸಲ್ಲದು?

‘ಕಳ್ಳಿನ ವಕಾಲತ್ತೇ?’ ಎಂದು ಹುಬ್ಬೇರಿಸುವವರಿದ್ದಾರೆ. ಅವರ ಆಕ್ಷೇಪ ಹಗುರವಾದದ್ದಲ್ಲ. ಕುಡಿತ ಬಡವನ ಬಾಳನ್ನು ಹೇಗೆ ತಿನ್ನುತ್ತದೆಂಬುದನ್ನು ‘ಚೋಮನ ದುಡಿ’ ಓದಿದವರಿಗೆ ಹೇಳಬೇಕಿಲ್ಲ. 2025ರ ಜುಲೈನಲ್ಲಿ ಕೂಕಟ್‌ಪಲ್ಲಿಯ ಸುತ್ತಮುತ್ತ ಕಲಬೆರಕೆ ಕಳ್ಳು ಕುಡಿದು ಹಲವರು ಪ್ರಾಣ ಬಿಟ್ಟರು. ಆದರೆ ಆ ಸಾವುಗಳಿಂದ ಕಲಿಯಬೇಕಾದ ಪಾಠ ಯಾವುದು? ಕುಡಿಯುವವರು ನಗರದಲ್ಲಿ, ಮರಗಳು ನಗರದಿಂದ ಬಹು ದೂರದಲ್ಲಿ. ಕಳ್ಳು ಹೊತ್ತು ಕಳೆದಂತೆ ಹುಳಿಯೇರುವ ಪಾನೀಯ. ಮರ ಕಡಿದು ಬೇಡಿಕೆಯನ್ನು ಮಾತ್ರ ಉಳಿಸಿಕೊಂಡ ಊರಿನಲ್ಲಿ ನೀರಿಗೆ ಮತ್ತಿನ ರಾಸಾಯನಿಕ ಬೆರೆಸುವವನಿಗೆ ಲಾಭವಾಗುತ್ತದೆ. ನಿಷೇಧವನ್ನೂ ಈ ನಗರ ಕಂಡಿದೆ. 2004ರಲ್ಲಿ ಮುಚ್ಚಿದ ಕಳ್ಳಿನ ಅಂಗಡಿಗಳು 2014ರಲ್ಲಿ ಮತ್ತೆ ತೆರೆದವು. ಆ ಹತ್ತು ವರ್ಷ ನಗರವೇನೂ ಕುಡಿಯದೆ ಉಳಿಯಲಿಲ್ಲ. ಕಳ್ಳು ಕುಡಿಯುವವನಿಗೆ ಕಾನೂನುಬದ್ಧವಾಗಿ ಕೂರಲು ಜಾಗವಿಲ್ಲದಾಯಿತು, ಅಷ್ಟೆ.

ಸರ್ಕಾರಕ್ಕೆ ಇದು ತಿಳಿಯದೆಂದಲ್ಲ. 2023ರಲ್ಲಿ ಹುಸೇನ್ ಸಾಗರದ ದಂಡೆಯ ನೆಕ್ಲೆಸ್ ರಸ್ತೆಯಲ್ಲಿ ‘ನೀರಾ ಕೆಫೆ’ ತೆರೆಯಿತು. ಮರ ಹತ್ತುವ ಗೌಡ ಸಮುದಾಯದ ಕಸುಬಿಗೆ ಗೌರವ ತರುವುದು ಉದ್ದೇಶವೆಂದರು. ಈ ಗೌಡರು ನಮ್ಮ ಊರಗೌಡರಲ್ಲ, ನಮ್ಮ ಈಡಿಗರಂಥವರು. ಉದ್ದೇಶ ಒಳ್ಳೆಯದೇ. ಆದರೆ ಕೆರೆಯ ದಂಡೆಯ ಒಂದು ಅಲಂಕಾರದ ಕಟ್ಟಡ ಹತ್ತಾರು ಹಳ್ಳಿಗಳ ಅಂಗಳಗಳಿಗೆ ಬದಲಿಯಾಗದು. ಅಲ್ಲಿಗೆ ಹೋಗುವವರು ವಿಹಾರಕ್ಕೆ ಬಂದವರು. ನಾರ್ಸಿಂಗಿಯಲ್ಲಿ ಇಟ್ಟಿಗೆ ಹೊತ್ತವಳು ದಣಿವಾರಿಸಿಕೊಳ್ಳಲು ನೆಕ್ಲೆಸ್ ರಸ್ತೆಗೆ ಬರುವುದಿಲ್ಲ.

ಈಗ ತುರ್ತೇನೆಂದರೆ, ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳ ರಕ್ಷಣೆಗಾಗಿ 1996ರ 111ನೆಯ ಸರ್ಕಾರಿ ಆದೇಶ 84 ಹಳ್ಳಿಗಳಲ್ಲಿ ಕಟ್ಟಡ ನಿರ್ಮಾಣಕ್ಕೆ ಮಿತಿ ಹಾಕಿತ್ತು. ಆ ಮಿತಿಗಳನ್ನು ತೆಗೆಯುವ ಆದೇಶ 2022ರಲ್ಲಿ ಹೊರಟಿತು. ನೀರಿನ ಪ್ರಶ್ನೆಯೇ ಇಲ್ಲಿ ಮೊದಲನೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಳ್ಳಿಗಳಿಗೆ ನಕ್ಷೆ ಬರೆಯುವವರ ಮುಂದೆ ಈ ಪ್ರಶ್ನೆಯನ್ನೂ ಇಡಬೇಕು. ಹಳ್ಳಿಯ ಕೂಟದ ಜಾಗ ಯಾವುದೇ ಇರಲಿ, ಕಳ್ಳಿನ ಅಂಗಳ, ಚಹಾದಂಗಡಿ, ಅರಳಿಕಟ್ಟೆ, ಅದನ್ನು ಶಾಲೆ, ಆಸ್ಪತ್ರೆಗಳಂತೆ ಸಾರ್ವಜನಿಕ ಸೌಲಭ್ಯವೆಂದು ಎಣಿಸಲಿ. ಕೆಡವಲೇಬೇಕಾದರೆ ಅದೇ ಊರಿನಲ್ಲಿ, ಬಡಾವಣೆಯ ಗೇಟಿನ ಹೊರಗೆ, ಮರ ಇಳಿಸುವವರ ಸಹಕಾರ ಸಂಘವು ತೆರಬಲ್ಲ ಬಾಡಿಗೆಗೆ ಮತ್ತೆ ಕಟ್ಟಿಕೊಡಲಿ. ಅದು ಮುಗಿಯುವವರೆಗೆ ಗೋಪುರಕ್ಕೆ ಸ್ವಾಧೀನಾನುಭವ ಪ್ರಮಾಣಪತ್ರ ಸಿಗದಿರಲಿ. ಪಕ್ಕದಲ್ಲಿ ಈಚಲು, ತಾಳೆಗಳಿಗೆ ಸ್ವಲ್ಪ ನೆಲವಿರಲಿ. ಮಾರುವ ಕಳ್ಳಿನ ನಿತ್ಯ ಪರೀಕ್ಷೆಯಾಗಲಿ.

ಇದು ಅಧಿಕಾರಿಗಳಿಗಷ್ಟೇ ಹೇಳುವ ಮಾತಲ್ಲ. ಆ ಗೋಪುರಗಳಲ್ಲಿ ವಾಸವಿರುವವರಲ್ಲಿ ಕನ್ನಡಿಗರೂ ಇದ್ದೇವೆ. ಕ್ಲಬ್‌ಹೌಸಿನ ಕೂಟದಲ್ಲಿ ವೈನ್ ಬಾಟಲಿ ತೆರೆದರೆ ಅದು ಸಂಸ್ಕೃತಿ, ಗೋಡೆಯಾಚೆ ಕಳ್ಳಿನ ಸೀಸೆ ಎತ್ತಿದರೆ ಅದು ಉಪದ್ರವ ಎಂಬ ಅರ್ಜಿಗೆ ಸಹಿ ಹಾಕುವ ಮುನ್ನ ನಾವು ಎರಡು ಸಲ ಯೋಚಿಸಬೇಕು. ‘ರತ್ನನ ಪದಗಳು’ ಪುಸ್ತಕವನ್ನು ಕಪಾಟಿನಲ್ಲಿಟ್ಟುಕೊಂಡು ರತ್ನನನ್ನು ಬೀದಿಯಿಂದ ಓಡಿಸುವುದು ಯಾವ ಬಗೆಯ ಸಾಹಿತ್ಯಾಭಿಮಾನ? ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಹೆಂಡದ ಮಾರಯ್ಯನನ್ನು ಅವನ ಕಸುಬಿನ ಹೆಸರಿನೊಡನೆಯೇ ತಮ್ಮೊಳಗೆ ಕೂರಿಸಿಕೊಂಡಿದ್ದರು. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಾವು ಮುಂದಿನ ನಿವಾಸಿಗಳ ಸಭೆಯಲ್ಲಿ ಯಾರ ಪರವಾಗಿ ಕೈ ಎತ್ತುತ್ತೇವೆ?